ತೊಟ್ಟಿ ನೀರಿಗೆ ಬಿಸಿಲು ಕಾಯಿಸೋ ಲೆಕ್ಕ

ಮೊನ್ನೆ ಹಾಕಿದ್ದ ಫೋಟೊ ನೋಡಿ ಬಹಳ ಜನ ಕೇಳಿದ್ರಿ, ಕೊಬ್ಬರಿ ಶೆಡ್ಡಿನ ಮೇಲೆ ಡ್ರಿಪ್ ಪೈಪ್ ಯಾಕೆ ಹಾಸಿದೀರಿ ಅಂತ. ಉತ್ತರ ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ನಮ್ಮ ಅವ್ವನ ಎರಡೂ ಮಂಡಿ ಸವೆದಿವೆ. ನೋವಿಗೆ ಹೆದರಿ ನಡೆಯೋದು ಬಿಟ್ಟಳು, ನಡೆಯೋದು ಬಿಟ್ಟಿದ್ದಕ್ಕೆ ತೊಡೆಯ ಸ್ನಾಯು ಸೊರಗಿ ನೋವು ಇನ್ನೂ ಜಾಸ್ತಿ ಆಯ್ತು. ಫಿಸಿಯೋಥೆರಪಿ ಮಾಡುವವರು ನೀರಿನಲ್ಲಿ ನಡೆಸಿ ಅಂದರು. ಸೊಂಟದ ಮಟ್ಟ ನೀರಲ್ಲಿ ನಿಂತರೆ ಮೈಯ ಭಾರದಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಕಾಲಿನ ಮೇಲೆ ಬೀಳುತ್ತೆ, ಉಳಿದದ್ದನ್ನ ನೀರೇ ಹೊರುತ್ತೆ. ಆದರೆ ನೀರು 32 ಡಿಗ್ರಿ ಆಸುಪಾಸು ಇರಬೇಕು, ತಣ್ಣೀರಲ್ಲಿ ಸ್ನಾಯು ಬಿಗಿಯುತ್ತೆ. ಇಂಥ ಕೊಳ ಹುಡುಕಿಕೊಂಡು ತಿಪಟೂರು ಕಡೆಯಿಂದ ವಾರಕ್ಕೆ ಮೂರು ಸಲ ಬೆಂಗಳೂರಿಗೆ ಓಡಾಡೋದು ಆಗೋ ಮಾತಲ್ಲ.

ಪಕ್ಕದ ತೋಟದವರು ಬಯೋಫ್ಲಾಕ್ ಮೀನು ಸಾಕಣೆ ನಿಲ್ಲಿಸಿದ್ದರು. ಅವರ ಟಾರ್ಪಾಲಿನ್ ತೊಟ್ಟಿ ಖಾಲಿ ಬಿದ್ದಿತ್ತು. 4 ಮೀಟರ್ ಅಗಲ, 1.2 ಮೀಟರ್ ಎತ್ತರ, ಸುತ್ತ ವೆಲ್ಡ್ ಮೆಷ್. ತಂದು ಮಟ್ಟ ಮಾಡಿದ ನೆಲದ ಮೇಲೆ ನಿಲ್ಲಿಸಿದೆವು. 90 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸುಮಾರು 11,300 ಲೀಟರ್, ಅಂದರೆ 11 ಟನ್ನಿಗಿಂತ ಜಾಸ್ತಿ ಭಾರ. ಇದನ್ನ ತಾರಸಿ ಮೇಲೆ ಇಡೋ ಯೋಚನೆ ಯಾರೂ ಮಾಡಬೇಡಿ.

ಡಿಸೆಂಬರಲ್ಲಿ ಬೆಳಿಗ್ಗೆ ಆ ನೀರು 22 ಡಿಗ್ರಿ ಇತ್ತು. ಅವ್ವ ಕಾಲು ಅದ್ದಿ, "ಇದ್ರಾಗೆ ಎಮ್ಮೆ ಇಳಿಸು, ನನ್ನಲ್ಲ" ಅಂದಳು.

ಈಗ ಲೆಕ್ಕ. 11,300 ಲೀಟರ್ ನೀರನ್ನ ಒಂದೇ ಒಂದು ಡಿಗ್ರಿ ಏರಿಸೋಕೆ ಸುಮಾರು 13 ಯೂನಿಟ್ ಶಾಖ ಬೇಕು. ಗೀಸರ್ ಕಾಯಿಲ್ ಇಳಿಬಿಟ್ಟು 8 ಡಿಗ್ರಿ ಏರಿಸ್ತೀನಿ ಅಂದರೆ 100 ಯೂನಿಟ್ ಮೀರುತ್ತೆ, ಅದೂ ರಾತ್ರಿ ಆರಿಹೋಗೋದನ್ನ ಬಿಟ್ಟು. ಮನೆ ಮೇಲಿರೋ 200 ಲೀಟರ್ ಸೋಲಾರ್ ಟ್ಯಾಂಕಿನ ನೀರು ಸುರಿದರೆ? 30 ಡಿಗ್ರಿ ಬಿಸಿ ಹೆಚ್ಚಿರೋ 200 ಲೀಟರಲ್ಲಿರೋದು 7 ಯೂನಿಟ್ ಶಾಖ. ತೊಟ್ಟಿಗೆ ಅರ್ಧ ಡಿಗ್ರಿ. ಹಾಗಾಗಿ ಸಣ್ಣ ಜಾಗದಲ್ಲಿ ಕುದಿಯೋ ಬಿಸಿ ಮಾಡೋ ಉಪಾಯ ಇಲ್ಲಿಗೆ ಬರಲ್ಲ. ದೊಡ್ಡ ಜಾಗದಲ್ಲಿ ಸ್ವಲ್ಪಸ್ವಲ್ಪವೇ ಬಿಸಿ ಮಾಡೋ ಉಪಾಯ ಬೇಕು. ಅದಕ್ಕೆ ಗಾಜು ಬೇಡ, ತಾಮ್ರ ಬೇಡ, ಕಪ್ಪು ಪೈಪು ಸಾಕು. ಅಡಿಕೆಗೆ ತಂದಿದ್ದ 16 ಎಂಎಂ ಪ್ಲೇನ್ ಲ್ಯಾಟರಲ್, ತೂತಿಲ್ಲದ್ದು, ಒಂದು ಸುರುಳಿ ಉಳಿದಿತ್ತು.

500 ಮೀಟರ್ ಪೈಪನ್ನ ಚಕ್ಕುಲಿ ಥರ ಸುತ್ತಿ ಒಂದೇ ಸಾಲಲ್ಲಿ ನೀರು ಬಿಡೋ ವಿಡಿಯೋಗಳು ಬಹಳ ಇವೆ. ಅಷ್ಟು ಉದ್ದಕ್ಕೆ 16 ಎಂಎಂ ಒಳಗೆ ಪಂಪಿನ ಒತ್ತಡವೆಲ್ಲ ಉಜ್ಜಾಟಕ್ಕೇ ಖರ್ಚಾಗುತ್ತೆ, ಕೊನೆಯಲ್ಲಿ ಬೆರಳು ಗಾತ್ರ ನೀರೂ ಬರಲ್ಲ. ನಾವು ಹೊಲದಲ್ಲಿ ಏನು ಮಾಡ್ತೀವೋ ಅದನ್ನೇ ಚಾವಣಿ ಮೇಲೆ ಮಾಡಿದೆವು. ಎರಡು ತುದಿಗೂ 63 ಎಂಎಂ ಪಿವಿಸಿ ಸಬ್‌ಮೈನ್, ನಡುವೆ 12 ಮೀಟರಿನ 40 ಸಾಲು. ಸಬ್‌ಮೈನಿಗೆ 30 ಎಂಎಂ ಅಂತರದಲ್ಲಿ ಡ್ರಿಲ್ ಹಾಕಿ ಗ್ರೋಮೆಟ್, ಟೇಕಾಫ್. ಬಿಸಿಲಿಗೆ ಪೈಪ್ ಹಿಗ್ಗುತ್ತೆ, ಪ್ರತಿ ಸಾಲಿಗೂ ಮೂರು ಇಂಚು ಸಡಿಲ ಬಿಡಿ. ಎಳೆದು ಕಟ್ಟಿದರೆ ರಾತ್ರಿ ತಣ್ಣಗಾದಾಗ ಟೇಕಾಫ್ ಕಿತ್ತು ಬರುತ್ತೆ.

ನೀರು ಒಳಗೆ ಹೋಗೋದು ಒಂದು ತುದಿಯ ಕೆಳ ಮೂಲೆಯಿಂದ, ಹೊರಗೆ ಬರೋದು ಇನ್ನೊಂದು ತುದಿಯ ಮೇಲಿನ ಮೂಲೆಯಿಂದ. ಈ ಮೂಲೆಯಿಂದ ಆ ಮೂಲೆಗೆ ಹೋದರೆ 40 ಸಾಲಿಗೂ ದಾರಿ ಒಂದೇ ಉದ್ದ, ನೀರು ಸಮ ಹಂಚಿಕೆ ಆಗುತ್ತೆ. ಎರಡನ್ನೂ ಒಂದೇ ಕಡೆ ಕೊಟ್ಟರೆ ಹತ್ತಿರದ ಸಾಲುಗಳಲ್ಲಿ ನೀರು ಓಡುತ್ತೆ, ದೂರದವು ಸುಮ್ನೆ ಕಾಯ್ತಾ ಇರ್ತವೆ.

ಪ್ಲಂಬಿಂಗ್ ಕ್ರಮ ಹೀಗೆ: ತೊಟ್ಟಿಯ ಹೊರಕೊಳವೆಯಿಂದ ಅರ್ಧ ಎಚ್‌ಪಿ ಪಂಪ್, ಅಲ್ಲಿಂದ ಡ್ರಿಪ್ಪಿನ ಸ್ಕ್ರೀನ್ ಫಿಲ್ಟರ್, ಆಮೇಲೆ ಒಂದು ಟೀ. ಟೀಯ ಒಂದು ಕೈ ವಾಲ್ವ್ ಮೂಲಕ ನೇರ ತೊಟ್ಟಿಗೆ, ಇನ್ನೊಂದು ಕೈ ಇನ್ನೊಂದು ವಾಲ್ವ್ ಮೂಲಕ ಚಾವಣಿಗೆ. ಮೋಡದ ದಿನ ಚಾವಣಿ ವಾಲ್ವ್ ಮುಚ್ಚಿ ಬರೀ ಫಿಲ್ಟರ್ ಓಡಿಸಬಹುದು. ಚಾವಣಿಯ ಅತಿ ಎತ್ತರದ ಜಾಗದಲ್ಲಿ ಒಂದು ಏರ್ ವಾಲ್ವ್.

ಈ ಏರ್ ವಾಲ್ವ್ ಯಾಕೆ ಅನ್ನೋದು ಮುಖ್ಯ. ಮನೆ ಸೋಲಾರಲ್ಲಿ ಟ್ಯಾಂಕ್ ಮೇಲೆ, ಪ್ಯಾನೆಲ್ ಕೆಳಗೆ. ಬಿಸಿ ನೀರು ಹಗುರ, ತಾನೇ ಮೇಲೆ ಹತ್ತುತ್ತೆ, ಪಂಪೇ ಬೇಡ. ನಮ್ಮಲ್ಲಿ ಉಲ್ಟಾ, ತೊಟ್ಟಿ ಕೆಳಗೆ, ಪೈಪು ಮೇಲೆ. ಹಗಲು ಪಂಪ್ ಇಲ್ಲದೆ ನಡೆಯಲ್ಲ. ರಾತ್ರಿ ಮಾತ್ರ ಪಂಪ್ ಇಲ್ಲದೇನೇ ನಡೆದುಬಿಡುತ್ತೆ! ಚಾವಣಿಯ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತೆ, ತೊಟ್ಟಿಯ ಬಿಸಿ ನೀರು ಮೇಲೆ ಹೋಗುತ್ತೆ, ಬೆಳಗಾಗೋವರೆಗೆ ನಮ್ಮ ಶಾಖ ಆಕಾಶಕ್ಕೆ. ಅದಕ್ಕೇ ಪಂಪ್ ನಿಂತ ಕೂಡಲೇ ಪೈಪೆಲ್ಲ ಖಾಲಿ ಆಗಬೇಕು. ಏರ್ ವಾಲ್ವ್ ಗಾಳಿ ಒಳಗೆ ಬಿಡುತ್ತೆ, ಸಾಲುಗಳನ್ನ ಪಂಪಿನ ಕಡೆಗೆ ಮೂರು ಇಂಚು ಇಳಿಜಾರು ಇಟ್ಟಿರೋದರಿಂದ ನೀರು ಬಂದ ದಾರಿಯಲ್ಲೇ ವಾಪಸ್ ಇಳಿಯುತ್ತೆ. ಆದ್ದರಿಂದ ಪಂಪಿನ ಮುಂದೆ ಎನ್‌ಆರ್‌ವಿ ಹಾಕಿಲ್ಲ. ಗಾಳಿ ಬಿಡದಿದ್ದರೆ ಎಳೆತಕ್ಕೆ ಮೆತ್ತಗಾದ ಲ್ಯಾಟರಲ್ ಚಪ್ಪಟೆ ಆಗೋದೂ ಉಂಟು. ಓಡುವಾಗ ತೊಟ್ಟಿಗೆ ಗುಳ್ಳೆಗುಳ್ಳೆ ಬರ್ತಿದ್ದರೆ ವಾಪಸ್ ಪೈಪಿನ ವಾಲ್ವನ್ನ ಗುಳ್ಳೆ ನಿಲ್ಲೋವಷ್ಟು ಮಾತ್ರ ಸ್ವಲ್ಪ ಒತ್ತಿ.

ಮೊದಲ ದಿನ ಪ್ಲಂಬರ್ ವಾಪಸ್ ಬರೋ ನೀರಿಗೆ ಕೈ ಹಿಡಿದು ಮುಖ ಸಣ್ಣ ಮಾಡಿದ. "ಬಿಸಿನೇ ಆಗಿಲ್ವಲ್ಲ ಸಾರ್, ವಾಲ್ವ್ ಮುಕ್ಕಾಲು ಮುಚ್ಚಿ, ನಿಧಾನಕ್ಕೆ ಹೋದ್ರೆ ತಾನೆ ಕಾಯೋದು?" ಕೇಳೋಕೆ ಸರಿ ಅನ್ಸುತ್ತೆ. ನಿಧಾನ ಬಿಟ್ಟರೆ ಬರೋ ನೀರು ಕೈ ಸುಡುತ್ತೆ ನಿಜ. ಆದರೆ ಆಗ ಪೈಪೂ ಅಷ್ಟೇ ಬಿಸಿ, ಆ ಬಿಸಿಯನ್ನ ಗಾಳಿ ಹೊಡೆದುಕೊಂಡು ಹೋಗುತ್ತೆ. ಗಾಜಿನ ಮುಚ್ಚಳ ಇಲ್ಲದ ಪೈಪು ತಣ್ಣಗಿದ್ದಷ್ಟೂ ಬಿಸಿಲನ್ನ ಚೆನ್ನಾಗಿ ಹಿಡಿಯುತ್ತೆ. ನಮ್ಮದರಲ್ಲಿ ನಿಮಿಷಕ್ಕೆ 30 ಲೀಟರ್ ಓಡುತ್ತೆ, ಥರ್ಮಾಮೀಟರಲ್ಲಿ ಒಳಗೆ ಹೋಗೋದಕ್ಕೂ ಹೊರಗೆ ಬರೋದಕ್ಕೂ ಎರಡೇ ಡಿಗ್ರಿ ವ್ಯತ್ಯಾಸ. ಎರಡೇ ಡಿಗ್ರಿ, ಆದರೆ ಗಂಟೆಗೆ 1,800 ಲೀಟರಿಗೆ! ನಾಲ್ಕು ಯೂನಿಟ್ ಮೀರಿದ ಶಾಖ ಅದು, ಪಂಪ್ ತಿನ್ನೋದು ಅರ್ಧ ಯೂನಿಟ್. ಕೈಗೆ ಗೊತ್ತಾಗಲ್ಲ, ತೊಟ್ಟಿಗೆ ಗೊತ್ತಾಗುತ್ತೆ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಹೆಚ್ಚುಕಮ್ಮಿ 20 ಯೂನಿಟ್, ತೊಟ್ಟಿಗೆ ಒಂದೂವರೆ ಡಿಗ್ರಿ.

ಇಷ್ಟೆಲ್ಲ ಮಾಡಿದ ಮೇಲೆ ಹೇಳ್ತೀನಿ, ಈ ಕೆಲಸದಲ್ಲಿ ಅತಿ ಲಾಭದ ವಸ್ತು ಪೈಪಲ್ಲ, ಮುಚ್ಚಳ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಮ್ಮಿ ಶಾಖ ಜೊತೆಗೇ ಹೋಗುತ್ತೆ. ನಮ್ಮ ತೊಟ್ಟಿಯಲ್ಲಿ ದಿನಕ್ಕೆ 3 ಮಿಲಿಮೀಟರ್ ನೀರು ಇಳಿದರೆ 37 ಲೀಟರ್, ಅಂದರೆ 25 ಯೂನಿಟ್. ಚಾವಣಿಯಿಂದ ದುಡಿದು ತಂದಿದ್ದಕ್ಕಿಂತ ಜಾಸ್ತಿ! ಪಾಲಿಹೌಸಿಗೆ ಹೊದಿಸೋ 200 ಮೈಕ್ರಾನ್ ಹಾಳೆಯನ್ನ ತೊಟ್ಟಿಯ ಅಳತೆಗೆ ದುಂಡಗೆ ಕತ್ತರಿಸಿ ನೀರಿನ ಮೇಲೇ ತೇಲಿಬಿಟ್ಟೆವು. ಬೆಳಕು ಒಳಗೆ ಹೋಗುತ್ತೆ, ಆವಿ ಹೊರಗೆ ಬರಲ್ಲ. ತೊಟ್ಟಿ ಸ್ವತಃ 12.5 ಚದರ ಮೀಟರ್ ಬಿಸಿಲು ಹಿಡಿಯೋ ಪಾತ್ರೆ, ಚಾವಣಿಯ ಪೈಪಿಗಿಂತ ದೊಡ್ಡದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಹಾಳೆಯಿಂದಲೇ ಶುರು ಮಾಡಿ, ಸಾಲದಿದ್ದರೆ ಆಮೇಲೆ ಪೈಪು. ತೆಂಗಿನ ನೆರಳು ಬೀಳದ ಜಾಗ ಆಗಿರಬೇಕು ಅನ್ನೋದೊಂದೇ ಷರತ್ತು, ನಮ್ಮ ಕಡೆ ಅದೇ ಕಷ್ಟ.

ಜೀವದ ವಿಷಯ ಎರಡು ಮಾತು. ನೀರು, ಕರೆಂಟು, ವಯಸ್ಸಾದವರು ಒಂದೇ ಕಡೆ. 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಪಂಪ್ ಹಾಕಲೇಬೇಡಿ. ಯಾರಾದರೂ ನೀರಿಗಿಳಿಯೋ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ನಾವು ಪ್ಲಗ್ಗೇ ಕಿತ್ತು ಇಡ್ತೀವಿ. ಹಾಳೆಯನ್ನೂ ಪೂರ್ತಿ ತೆಗೆದು ಪಕ್ಕಕ್ಕಿಡಬೇಕು, ಅದರಡಿ ಸಿಕ್ಕಿದರೆ ಮಕ್ಕಳಿಗಿರಲಿ ದೊಡ್ಡವರಿಗೂ ಅಪಾಯ. ಕೆಲಸ ಮುಗಿದ ಮೇಲೆ ಏಣಿ ಮನೆ ಒಳಗೆ. ಬೆಚ್ಚಗಿನ ನೀರಲ್ಲಿ ಕ್ರಿಮಿಯೂ ಸುಖವಾಗಿ ಬೆಳೆಯುತ್ತೆ, ಹಾಗಾಗಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇದೆಯಾ ಅಂತ ಟೆಸ್ಟ್ ಪಟ್ಟಿಯಲ್ಲಿ ದಿನಾ ನೋಡ್ತೀವಿ.

ಬೆಳಿಗ್ಗೆ ಒಂಬತ್ತೂವರೆಗೆ ಪಂಪ್ ಹಾಕಿ ಮಧ್ಯಾಹ್ನ ಮೂರಕ್ಕೆ ನಿಲ್ಲಿಸ್ತೀವಿ. ಎರಡು ವಾರ ಬಿಸಿಲು ಸರಿಯಾಗಿ ಬಿದ್ದ ಮೇಲೆ ಬೆಳಿಗ್ಗೆ 29, ಮೂರು ಗಂಟೆಗೆ 31. ಮೋಡ ಕವಿದ ಮೂರು ದಿನ 27ಕ್ಕೆ ಇಳಿದಿತ್ತು, ಆಗ ಅವ್ವನಿಗೆ ರಜೆ. 32 ಮುಟ್ಟಿಲ್ಲ. 31ಕ್ಕೆ ಆಕೆ ತಕರಾರಿಲ್ಲದೆ ಇಳೀತಾಳೆ, ಮೊದಲ ದಿನ ಐದು ನಿಮಿಷ, ಈಗ ಇಪ್ಪತ್ತು. ಮಂಡಿ ವಾಸಿ ಆಯ್ತು ಅಂತ ನಾನು ಹೇಳ್ತಿಲ್ಲ, ಸವೆದದ್ದು ವಾಪಸ್ ಬರಲ್ಲ. ಆದರೆ ಹೋದ ಸೋಮವಾರ ಕೋಲು ಹಿಡಿದು ಬಾಳೆ ತೋಟದ ಬದುವಿನವರೆಗೂ ಹೋಗಿ, ಕಳೆ ಎಷ್ಟು ಬೆಳೆದಿದೆ ಅಂತ ನನ್ನನ್ನ ಬೈದು ಬಂದಳು. ಆರು ತಿಂಗಳಾಗಿತ್ತು ಅವಳು ಆ ಬದು ನೋಡಿ.

ಅಳತೆ, ಫಿಟ್ಟಿಂಗ್ ಪಟ್ಟಿ ಬೇಕಾದವರು ಕೇಳಿ, ಬರೆದು ಹಾಕ್ತೀನಿ. ಕೇಳೋ ಮುಂಚೆ ನಿಮ್ಮ ತೊಟ್ಟಿ ಎಷ್ಟು ಲೀಟರ್, ಎಷ್ಟು ಹೊತ್ತು ಬಿಸಿಲು ಬೀಳುತ್ತೆ ಅನ್ನೋದನ್ನ ಮಾತ್ರ ನೋಡಿಕೊಂಡು ಬನ್ನಿ.