ಅವ್ವನ ಊಟಿ ಗಾಡಿ

ಊಟಿಗೆ ಬಸ್ಸಿನ್ಯಾಗ ಹೋದ್ರ ಲಗೂನ ಮುಟ್ಟಬಹುದು. ಆದ್ರ ಅವ್ವಗ ಉಗಿಬಂಡಿನೇ ಬೇಕಾಗಿತ್ತು. ಅಪ್ಪ ಹುಬ್ಬಳ್ಳಿ ಮೀಟರ್‌ಗೇಜ್ ಗಾಡಿಗಳಾಗ ಫೈರ್‌ಮನ್ ಇದ್ದ. ಅವನ ಅಂಗಿಯ ಇದ್ದಲಿ ಕಪ್ಪು ತೆಗಿಯೂದ್ರಾಗ ಅವ್ವನ ಅರ್ಧ ಆಯುಷ್ಯ ಕಳೀತು. ಅಂವಾ ಹೋಗಿ ಆರು ವರ್ಷ.

ಮೆಟ್ಟುಪಾಳ್ಯಂನಿಂದ ಊಟಿ 46 ಕಿಲೋಮೀಟರ್, ಏರಲಿಕ್ಕೆ ಹತ್ರಹತ್ರ ಐದು ತಾಸು. ಕಲ್ಲಾರ್ ದಾಟಿದ ಮ್ಯಾಲೆ ಕೂನೂರಿನ ತನಕ ಹಳಿಗಳ ನಡುವ ಹಲ್ಲಿನ ಪಟ್ಟಿ. ಎಂಜಿನ್ನಿನ ಹಲ್ಲಿನ ಗಾಲಿ ಅದನ್ನ ಕಚ್ಚಿಕೊಂಡು ಏರತದ. 12 ಅಡಿ ಮುಂದ ಹೋದ್ರ ಒಂದಡಿ ಮ್ಯಾಲೆ, ಅಂಥಾ ಏರು. ಎಂಜಿನ್ ಮುಂದ ಎಳಿಯಂಗಿಲ್ಲ, ಹಿಂದ ನಿಂತು ನೂಕತದ. “ನಿಮ್ಮಪ್ಪ ನೋಡಿದ್ರ ನಗತಿದ್ದ” ಅಂದ್ಲು ಅವ್ವ. 1899ರಾಗ ಕೂನೂರಿಗೆ, 1908ರಾಗ ಊಟಿಗೆ ಬಂದ ಗಾಡಿ, 2005ರಾಗ ವಿಶ್ವ ಪರಂಪರೆ ಪಟ್ಟಿ ಸೇರೇದ ಅಂತ ಮಗಳು ಓದಿ ಹೇಳಿದಳು. ಅವ್ವನ ಲಕ್ಷ್ಯ ಅಲ್ಲಿರಲಿಲ್ಲ. ಮೂಗು ಕಿಟಕಿಗಿಟ್ಟು ಕೂತಿದ್ಲು.

ಹಿಲ್‌ಗ್ರೋವ್‌ನ್ಯಾಗ ನೀರು ತುಂಬಿಸಲಿಕ್ಕೆ ನಿಂತಾಗ, ಮೊಣಕಾಲು ಹಿಡಕೊಂಡು ಎಂಜಿನ್ ತನಕ ನಡದ್ಲು. ಉಗಿ ಅದೇ, ಸದ್ದೂ ಅದೇ. ಆದ್ರ ನಮ್ಮ ಎಂಜಿನ್ ಎಣ್ಣಿ ಸುಡೂದು. “ಇದ್ದಲಿ ವಾಸನಿನೇ ಇಲ್ಲಲ್ಲವಾ” ಅಂದು ಸುಮ್ಮನ ನಿಂತ್ಲು.

ಅಷ್ಟರಾಗ ಎಂಜಿನ್ನಿನ ಹುಡುಗೊಬ್ಬ ಕೈ ಒರಸಿಕೋತ ಇಳಿದ, ಅಂಗಿ ತುಂಬ ಜಿಡ್ಡು. ಅವ್ವ ಕನ್ನಡದಾಗನ, ಕೈಸನ್ನಿ ಮಾಡಿ ಹೇಳೇ ಬಿಟ್ಲು: ಬಿಸಿನೀರು ಹಾಕಬ್ಯಾಡ, ಮೊದಲ ಸೀಮೆಎಣ್ಣಿ ಹಚ್ಚು, ಆಮ್ಯಾಲೆ ಸಬಕಾರ. ಅವಗ ಎಷ್ಟು ತಿಳೀತೋ, ಗೋಣು ಹಾಕಿದ.

ಕೂನೂರಿನ್ಯಾಗ ಡೀಸೆಲ್ ಎಂಜಿನ್ ಹಚ್ಚಿದ್ರು. ಅಲ್ಲಿಂದ ಊಟಿತನಕ ಅವ್ವ ನಿದ್ದಿ ಹೊಡದ್ಲು.