ಎಡಮಗ್ಗುಲು

ಮೂವತ್ತು ವರ್ಷ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ದಮ್ಮು ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ನನಗೂ ಇರಲಿಲ್ಲ. 2019ರ ಬೇಸಿಗೆಯಲ್ಲಿ ಮಂಗಳೂರಿನ ಕುಲಶೇಖರದ ಮನೆಯಿಂದ ಕಂಪನಿಯ ಬ್ರಾಂಚಿಗೆ ಬೀಡಿ ಕೊಂಡೊಯ್ಯುವಾಗ ಏರಿನಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಒಂದು ಕ್ಲಿನಿಕ್ಕಿನಲ್ಲಿ ಹೊಗೆಸೊಪ್ಪಿನ ಧೂಳಿನಿಂದ ಅಸ್ತಮಾ ಎಂದು ಬಾಯಿಗೆ ಎಳೆಯುವ ಪಂಪು ಕೊಟ್ಟರು. ಇನ್ನೊಂದು ಕಡೆ ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದರು. ಸಂಜೆ ಸಣ್ಣ ಜ್ವರ ಬರುತ್ತಿದ್ದುದಕ್ಕೆ ಕಫ ಪರೀಕ್ಷೆಯೂ ಆಯಿತು. ಆರು ಕಿಲೋ ಇಳಿದೆ.

ಎಡಮಗ್ಗುಲಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಹೊರಳಿದರೆ ಬಿಡುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಬೇಕೆಂದು ನನಗೆ ತೋಚಲಿಲ್ಲ, ಅವರೂ ಕೇಳಲಿಲ್ಲ. ಆ ಆಗಸ್ಟಿನಲ್ಲಿ ನಮ್ಮಲ್ಲಿ ಗುಡ್ಡ ಜರಿದು ಹಳಿ ಮುಚ್ಚಿ, ಕೊಂಕಣ ರೈಲುಗಳು ದಿನಗಟ್ಟಲೆ ನಿಂತವಲ್ಲ, ಆ ರಾತ್ರಿಗಳಲ್ಲಿ ರೈಲಿನ ಸದ್ದಿಲ್ಲದೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ಗೋಡೆಗೊರಗಿ ಬೆಳಗು ಮಾಡಿದೆ.

ಮತ್ತೊಂದು ದಿನ ನೂಲು ಸುತ್ತುತ್ತಿದ್ದ ಬಲಗೈ ಬೆರಳುಗಳು ನಿಂತುಬಿಟ್ಟವು. ಎಲೆ ಜಾರಿತು. ಮಗನನ್ನು ಕರೆಯಲು ಹೋದರೆ ಮಾತು ಹೊರಡಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಆದರೂ ಮಗ ಬಿಡದೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಒಬ್ಬರು ಎಳೆ ವಯಸ್ಸಿನ ಡಾಕ್ಟರು, "ನೀವು ಯಾವ ಮಗ್ಗುಲಿಗೆ ಮಲಗುತ್ತೀರಿ?" ಎಂದು ಕೇಳಿದರು. ಅಷ್ಟು ತಿಂಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಅವತ್ತೇ ಹೃದಯದ ಎಕೋ ಮಾಡಿಸಿದರು.

ಪರದೆಯಲ್ಲಿ ಬೂದು ಬಣ್ಣದ ಉಂಡೆಯೊಂದು ಇಗರ್ಜಿ ಗಂಟೆಯ ನಾಲಿಗೆಯಂತೆ ತೂಗಾಡುತ್ತಿತ್ತು. ಎಡ ಹೃತ್ಕರ್ಣದ ಒಳಗೆ, ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡ ಐದು ಸೆಂಟಿಮೀಟರ್ ಗಡ್ಡೆ. ಹೆಸರು ಮಿಕ್ಸೋಮಾ. ಹೃದಯದಲ್ಲೇ ಹುಟ್ಟುವ ಗಡ್ಡೆಗಳು ಬಹಳ ಅಪರೂಪ, ಇದು ಕ್ಯಾನ್ಸರ್ ಅಲ್ಲ ಎಂದರು. ಆದರೆ ಪ್ರತಿ ಬಡಿತಕ್ಕೂ ಜಾರಿ ಕವಾಟದ ಬಾಯಿಗೆ ಅಡ್ಡ ಬರುತ್ತಿತ್ತು. ಅದರದೊಂದು ಚೂರು ಕಳಚಿ ಮಿದುಳಿಗೆ ಹೋದದ್ದರಿಂದಲೇ ಬೆರಳು ನಿಂತದ್ದಂತೆ. ಇನ್ನೊಂದು ಚೂರು ಕಳಚುವ ಮೊದಲು ತೆಗೆಯಬೇಕು.

ಆಯುಷ್ಮಾನ್ ಕಾರ್ಡಿಗೆ ಬೇಕಾದ ಚೀಟಿ ವೆನ್ಲಾಕಿನಲ್ಲೇ ಸಿಕ್ಕಿತು. ಆಪರೇಷನ್ ಬೇರೆ ಆಸ್ಪತ್ರೆಯಲ್ಲಿ. ಹಿಂದಿನ ರಾತ್ರಿ ಸರ್ಜನ್ನರು ಮಂಚದ ಬಳಿ ಕೂತು ಎಲ್ಲವನ್ನೂ ಹೇಳಿದರು. ಎದೆಮೂಳೆ ಸೀಳುವುದು, ರಕ್ತವನ್ನು ಯಂತ್ರಕ್ಕೆ ತಿರುಗಿಸುವುದು, ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರವ ಕೊಟ್ಟು ಹೃದಯವನ್ನು ನಿಲ್ಲಿಸುವುದು. ಗಡ್ಡೆಯನ್ನು ಜಜ್ಜದೆ, ತೊಟ್ಟಿನ ಬುಡದ ಗೋಡೆಯನ್ನೂ ಸೇರಿಸಿ ಕತ್ತರಿಸಿ, ಅಲ್ಲಿಗೆ ಹೃದಯದ ಹೊರಪೊರೆಯದೇ ತೇಪೆ ಹೊಲಿಯುವುದು. 1954ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಎಂಬವರು ಮೊದಲ ಸಲ ಹೀಗೆ ತೆಗೆದು ರೋಗಿಯನ್ನು ಉಳಿಸಿದರಂತೆ. ಅದಕ್ಕೂ ಮುಂಚೆ ಈ ಗಡ್ಡೆ ಹೆಚ್ಚಾಗಿ ಕಾಣುತ್ತಿದ್ದುದು ಸತ್ತ ಮೇಲೆ, ಹೆಣ ಕೊಯ್ದಾಗ. ನಾನು ಹುಟ್ಟಿದ್ದು 1971ರಲ್ಲಿ. ಬರೀ 17 ವರ್ಷದ ಅಂತರ. ಇಡೀ ರಾತ್ರಿ ಅದೇ ಲೆಕ್ಕ ತಲೆಯಲ್ಲಿ ತಿರುಗಿತು.

ಎಚ್ಚರವಾದಾಗ ಗಂಟಲಲ್ಲಿ ಕೊಳವೆ, ಕೈ ಕಟ್ಟಿದ್ದರು. ಮಾತಾಡಲಾಗದೆ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದೆ. ಐದೂ ಮಡಚಿದವು. ಆಮೇಲಿನ ನೋವು ಕೆಮ್ಮಿನದು. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು, ಎದೆಯೇ ಎರಡಾಗಿ ಬಿಚ್ಚಿದ ಹಾಗಾಗುತ್ತದೆ. ಮೂರು ಚೆಂಡಿನ ಪೆಟ್ಟಿಗೆಯಲ್ಲಿ ಉಸಿರೆಳೆದು ಮೂರನೆಯದನ್ನು ಎಬ್ಬಿಸಲು ನನಗೆ ಒಂಬತ್ತು ದಿನ ಬೇಕಾಯಿತು. ಮೂರು ತಿಂಗಳು ಕೊಡಪಾನ ಎತ್ತಲಿಲ್ಲ.

ವರ್ಷಕ್ಕೊಮ್ಮೆ ಎಕೋ ಇದೆ, ಮತ್ತೆ ಬೆಳೆಯುವುದೂ ಉಂಟಂತೆ. ಈವರೆಗೆ ಇಲ್ಲ.

ಕಳೆದ ಮಳೆಗಾಲ ಬ್ರಾಂಚಿನಲ್ಲಿ ಒಬ್ಬಾಕೆ ರಾತ್ರಿ ಎದ್ದು ಕೂರಬೇಕಾಗುತ್ತದೆ ಎಂದರು. ಯಾವ ಮಗ್ಗುಲು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಹಟ ಹಿಡಿದು ಎಕೋಗೆ ಕರೆದೊಯ್ದೆ. ಅವರದು ಅಸ್ತಮಾವೇ. ಒಂದು ದಿನದ ಬೀಡಿ ಹೋಯಿತಲ್ಲ ಎಂದು ಬೇಜಾರು ಮಾಡಿಕೊಂಡರು. ಹೋಗಲಿ ಎಂದೆ.