ಗುಡ್ಡದ ಮೇಲಿನ ವಠಾರ

ಪ್ಯಾರಿಸ್ಸಿನ ಆಬೆಸ್ ಮೆಟ್ರೊ ನಿಲ್ದಾಣ ನೆಲದಿಂದ 36 ಮೀಟರ್ ಆಳದಲ್ಲಿದೆ. ಲಿಫ್ಟಿನ ಮುಂದಿದ್ದ ಜನ ನೋಡಿ ಸುರುಳಿ ಮೆಟ್ಟಿಲು ಹಿಡಿದೆ. ಅರ್ಧಕ್ಕೇ ಏದುಸಿರು. ಮೇಲೆ ಬಂದರೆ ವಾಸ್ತುಶಿಲ್ಪಿ ಗಿಮಾರ್ ರೂಪಿಸಿದ ಕಬ್ಬಿಣದ ಬಳ್ಳಿ, ಗಾಜಿನ ಸೂರು. ಅದರಡಿ ಛತ್ರಿ ಎತ್ತಿ ಹಿಡಿದು ನಿಂತಿದ್ದರು ನಮ್ಮ ಮಾರ್ಗದರ್ಶಿ. ಅರವತ್ತು ದಾಟಿದವರು. ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಪಾಠ ಶುರು.

ನಾವು ನಿಂತಿದ್ದ ಮೋಂಮಾರ್ತ್ ಗುಡ್ಡದ ಒಡಲಲ್ಲಿದ್ದದ್ದು ಜಿಪ್ಸಮ್. ಅಗೆದು, ಸುಟ್ಟು, ಪುಡಿಮಾಡಿ ಊರಿನ ಗೋಡೆಗಳಿಗೆ ಬಳಿದರು. ನಮ್ಮಲ್ಲಿ ಪ್ರತಿ ಚೌತಿಗೂ ಬೇಡ ಬೇಡವೆಂದು ಸಾರುತ್ತಾರಲ್ಲ, ಆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನ ಹೆಸರಿನೊಳಗಿನ 'ಪ್ಯಾರಿಸ್' ಇಂಥ ಗಣಿಗಳದ್ದೇ! ಗುಡ್ಡ ಎಷ್ಟು ಟೊಳ್ಳಾಗಿತ್ತೆಂದರೆ, ತುದಿಯ ಸಾಕ್ರೆ ಕೋರ್ ಚರ್ಚಿಗೆ 33 ಮೀಟರ್ ಆಳದ 83 ಬಾವಿ ತೋಡಿ, ಕಲ್ಲುಗಾರೆ ತುಂಬಿ, ಆಮೇಲೆ ಗೋಡೆ ಎಬ್ಬಿಸಬೇಕಾಯಿತು. ಮೇಲೆ ಕಾಣುವ ಬಿಳಿ ಗುಮ್ಮಟಕ್ಕಿಂತ ಕೆಳಗಿನ ಆ ಕಂಬಗಳೇ ನನ್ನ ತಲೆಯಲ್ಲಿ ನಿಂತವು.

1860ರವರೆಗೆ ಇದು ಪ್ಯಾರಿಸ್ಸಿನ ಹೊರಗಿನ ಹಳ್ಳಿ. ಸುಂಕದ ಗೋಡೆಯಾಚೆ ವೈನ್ ಅಗ್ಗ. ಊರಿಗೆ ಸೇರಿದ ಮೇಲೂ ಬಾಡಿಗೆ ಅಗ್ಗವೇ. ಜೇಬು ಖಾಲಿಯಿದ್ದ ಕಲಾವಿದರು ಗುಡ್ಡ ಹತ್ತದೆ ಇನ್ನೆಲ್ಲಿಗೆ ಹೋದಾರು?

ಅವರ ವಠಾರ ಬಾತೋ ಲಾವ್ವಾರ್. ಸೇನ್ ನದಿಯಲ್ಲಿ ಬಟ್ಟೆ ಒಗೆಯಲು ನಿಲ್ಲಿಸುತ್ತಿದ್ದ ದೋಣಿಗಳ ಹೆಸರು ಅದು. ಕವಿ ಮ್ಯಾಕ್ಸ್ ಜಾಕೋಬ್ ಇಟ್ಟದ್ದಂತೆ. ಹಲಗೆ ಗೋಡೆ, ಇಡೀ ವಠಾರಕ್ಕೆ ಒಂದೇ ನಲ್ಲಿ. 1904ರಲ್ಲಿ ಪಿಕಾಸೊ ಇಲ್ಲಿಗೆ ಬಂದ. 1907ರಲ್ಲಿ 'ಆವಿನ್ಯೋನಿನ ಹೆಣ್ಣುಗಳು' ಎಂಬ ಚಿತ್ರ ಬರೆದದ್ದು ಇಲ್ಲೇ. ಎಂಟು ಅಡಿ ಎತ್ತರದ ಕ್ಯಾನ್ವಾಸು ಆ ಗೂಡಿನಲ್ಲಿ ಅದು ಹೇಗೆ ನಿಂತಿತೋ! ಒಂದೇ ನಲ್ಲಿಯ ವಠಾರಗಳನ್ನು ನಾನೂ ಕಂಡವನು. ಅಲ್ಲಿ ಹುಟ್ಟುತ್ತಿದ್ದದ್ದು ಬಿಂದಿಗೆ ಜಗಳ ಮಾತ್ರ. 1970ರ ಬೆಂಕಿಯಲ್ಲಿ ಮುಂಭಾಗ ಬಿಟ್ಟು ಉಳಿದದ್ದೆಲ್ಲ ಹೋಯಿತು. ಈಗಿರುವುದು ಕಾಂಕ್ರೀಟು. ಎದುರಿನ ಅಂಗಳದಲ್ಲಿ ಹಸಿರು ಕಬ್ಬಿಣದ ಕುಡಿಯುವ ನೀರಿನ ಕಾರಂಜಿ ಸುರಿಯುತ್ತಲೇ ಇತ್ತು. ಬಾಟಲಿ ತುಂಬಿಸಿಕೊಂಡೆ.

ತೆರ್ತ್ರ್ ಚೌಕದಲ್ಲಿ ಮುಖ ಬರೆದುಕೊಡುತ್ತೇವೆಂದು ಬೆನ್ನು ಬಿದ್ದವರಿಂದ ತಪ್ಪಿಸಿಕೊಂಡು, 1933ರಲ್ಲಿ ನೆಟ್ಟ ಪುಟ್ಟ ದ್ರಾಕ್ಷಿತೋಟದ ಪಕ್ಕ ಇಳಿದರೆ ಲಾಪೆನ್ ಅಜೀಲ್, ಗುಲಾಬಿ ಬಣ್ಣದ ಹಾಡುಮನೆ. ಇದನ್ನು ನಡೆಸುತ್ತಿದ್ದವನ ಬಳಿ ಲೋಲೋ ಎಂಬ ಕತ್ತೆಯಿತ್ತು. ಲೇಖಕ ರೋಲಾಂ ದೊರ್ಜೆಲೆಸ್ ಅದರ ಬಾಲಕ್ಕೆ ಕುಂಚ ಕಟ್ಟಿ, ಬಣ್ಣ ಬಳಿಸಿ, ಆ ಚಿತ್ರವನ್ನು 'ಬೊರೊನಾಲಿ' ಎಂಬ ಕಲಾವಿದನ ಹೆಸರಲ್ಲಿ 1910ರ ಕಲಾಪ್ರದರ್ಶನವೊಂದಕ್ಕೆ ಕಳಿಸಿದ. ಜನ ಬಂದು ನೋಡಿದರು, ಪತ್ರಿಕೆಗಳು ಬರೆದವು. ಆಮೇಲೆ ಗುಟ್ಟು ಬಿಟ್ಟ.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುವ ಗಾದೆಯನ್ನು ಮಾರ್ಗದರ್ಶಿಗೆ ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವರು ಛತ್ರಿ ಊರಿ ನಿಂತು ಕೇಳಿದರು: "ಕುಂಚ ಕಟ್ಟಿಸಿಕೊಂಡ ಕತ್ತೆಯೋ, ಮುಂದೆ ನಿಂತು ನೋಡಿದ್ದೋ?"